ಹವಾಮಾನ ನಕ್ಷೆಯ ಸೂರ್ಯನಿಗೆ ಬೂಷ್ಟು ಹಿಡಿದಿದೆ, ಏನು ಮಾಡಲಿ?

ಕೊಪ್ಪಳದ ಮೇಷ್ಟ್ರು | ಜುಲೈ 6, ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ವರ್ಗಾವಣೆಯಾಗಿ ಕೊಡಗಿನ ಭಾಗಮಂಡಲದ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಬಂದು ಏಳು ತಿಂಗಳಾಯ್ತು. ಒಂದರಿಂದ ಮೂರನೇ ತರಗತಿ, ನಲಿ-ಕಲಿ (ಮೂರೂ ತರಗತಿ ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯೋ ಸರ್ಕಾರಿ ಶಾಲೆ ಪದ್ಧತಿ), ಒಟ್ಟು 17 ಮಕ್ಕಳು. ಊರು ಚಲೋ, ಜನ ಚಲೋ. ಮಳೆ ಮಾತ್ರ ನನಗೆ ಹೊಸದು. ನಮ್ಮ ಕಡೆ ಮಿರಗದ ಮಳೆ ಎರಡು ಸಲ ಸರಿಯಾಗಿ ಬಿದ್ರೆ ಪೇಪರಿನವರು ಫೋಟೊ ಹಾಕ್ತಾರ. ಇಲ್ಲಿ ಜೂನ್ ಎರಡನೇ ವಾರ ಶುರುವಾದದ್ದು ಇವತ್ತಿಗೂ ನಿಂತಿಲ್ಲ.

ವಿಷಯ ಏನಂದ್ರ, ನಲಿ-ಕಲಿಯಲ್ಲಿ ಬೆಳಿಗ್ಗೆ ಮಕ್ಕಳೇ ಹವಾಮಾನ ನಕ್ಷೆ ತುಂಬಿಸಬೇಕಲ್ಲ. ಬಿಸಿಲು, ಮೋಡ, ಗಾಳಿ, ಮಳೆ ಅಂತ ಗುರುತು ಇರ್ತಾವ. ನಮ್ಮ ನಕ್ಷೆಯಲ್ಲಿ ಜೂನ್ 12ರಿಂದ ಎಲ್ಲ ಮನೆಯೊಳಗೂ ಮಳೆ. ಸೂರ್ಯನ ಕಾರ್ಡು ಡಬ್ಬದಾಗ ಇದ್ದಲ್ಲೇ ಬೂಷ್ಟು ಹಿಡದೈತಿ. ಮೊನ್ನೆ ಸೋಮವಾರ ಎರಡನೇ ತರಗತಿಯ ಒಬ್ಬ ಹುಡುಗ ಒಂದೇ ಸಲಕ್ಕೆ ಶನಿವಾರದವರೆಗೆ ಮಳೆ ಬರೆದು ಕೂತ. ಯಾಕೋ ಅಂದ್ರೆ, "ನಾಳೆನೂ ಇದೇ ಅಲ್ವಾ ಸರ್." ಬೈಯಲಿಲ್ಲ. ಏನಂತ ಬೈಯೋದು, ಅವನು ಹೇಳಿದ್ದು ಖರೇನ ಆಯ್ತು.

ಇನ್ನೊಂದು ತೊಂದರೆ ಶೀಟಿನ ಮಾಡು. ಮಳೆ ಜೋರಾದ್ರೆ ನನ್ನ ದನಿ ನನಗೇ ಕೇಳಂಗಿಲ್ಲ. ಶಿಶುಗೀತೆ ಅಂದ್ರೆ ಹದಿನೇಳು ಬಾಯಿ ಆಡೋದು ಕಾಣ್ತದ, ಅಷ್ಟೇ. ಇಲ್ಲಿ ಹಳಬರು ಏನು ಮಾಡ್ತೀರಿ?

ಚಳಿಗೆ ಕಾಫಿ | ಜುಲೈ 6, ರಾತ್ರಿ 9:05

ಆ ಹುಡುಗನನ್ನು ಹವಾಮಾನ ಇಲಾಖೆಗೆ ಕಳಿಸಿ ಮೇಷ್ಟ್ರೇ. ಆರಕ್ಕೆ ಆರೂ ಸರಿ ಬಂದಿರಬೇಕು.

ಪೊನ್ನಂಪೇಟೆ ಟೀಚರಮ್ಮ | ಜುಲೈ 6, ರಾತ್ರಿ 9:40

ಮೇಷ್ಟ್ರೇ, ನಾನು 36 ವರ್ಷ ಇದೇ ಮಳೆಯಲ್ಲಿ ಪಾಠ ಮಾಡಿ ನಿವೃತ್ತಿಯಾದವಳು. ದನಿಯ ಜೊತೆ ಗುದ್ದಾಡಲು ಹೋಗಬೇಡಿ, ಗಂಟಲು ಹೋಗುತ್ತದೆ. ಆರಿದ್ರಾ ಮಳೆ ಆರದೆ ಹೊಯ್ಯುತ್ತೆ ಅಂತ ಗಾದೆಯೇ ಇದೆ. ಅದಾದ ಮೇಲೆ ಪುನರ್ವಸು, ಪುಷ್ಯ ಇನ್ನೂ ಬಾಕಿ ಉಂಟು. ಆಗಸ್ಟ್ ನಡುವಿನ ತನಕ ಮೂಕ ಚಟುವಟಿಕೆಗಳನ್ನೇ ಇಟ್ಟುಕೊಳ್ಳಿ.

ನಾನು ಮಾಡಿಸುತ್ತಿದ್ದದ್ದು ಬೆನ್ನಕ್ಷರ. ಮಕ್ಕಳನ್ನು ರೈಲಿನ ಹಾಗೆ ಒಬ್ಬರ ಹಿಂದೆ ಒಬ್ಬರನ್ನು ಕೂರಿಸಿ. ಕೊನೆಯವಳ ಬೆನ್ನ ಮೇಲೆ ನೀವು ಬೆರಳಲ್ಲಿ ಒಂದು ಅಕ್ಷರ ಬರೆಯಿರಿ. ಅವಳು ಮುಂದಿನವನ ಬೆನ್ನಿಗೆ ದಾಟಿಸುತ್ತಾಳೆ. ಎಲ್ಲರಿಗಿಂತ ಮುಂದೆ ಕೂತವನು ಸ್ಲೇಟಿನಲ್ಲಿ ಬರೆದು ತೋರಿಸಬೇಕು. 'ಗ' ಹೋದದ್ದು 'ಸ' ಆಗಿ ಬರುತ್ತದೆ, 'ಮ' ಹೋಗಿ 'ಯ' ಆಗುತ್ತದೆ. ಎಲ್ಲಿ ಕೆಟ್ಟಿತು ಅಂತ ಮಕ್ಕಳೇ ಹಿಂದಕ್ಕೆ ಹುಡುಕಿಕೊಂಡು ಹೋಗುತ್ತಾರೆ. ಆ ಹುಡುಕುವುದರಲ್ಲೇ ಎರಡು ಅಕ್ಷರದ ವ್ಯತ್ಯಾಸ ಕೈಗೆ ಹತ್ತುತ್ತದೆ. ಇದಕ್ಕೆ ದನಿಯೇ ಬೇಡ. ಮಕ್ಕಳಿಗೆ ಕಚಗುಳಿ ಬೇರೆ. ಸ್ವೆಟರ್ ದಪ್ಪ ಇದ್ದರೆ ಮಾತ್ರ ಗೊತ್ತಾಗುವುದಿಲ್ಲ, ಅಂಗೈ ಮೇಲೆ ಬರೆಸಿ.

ನಕ್ಷೆಯ ವಿಷಯ ನಾಳೆ ಬರೆಯುತ್ತೇನೆ, ಕರೆಂಟು ಹೋಯಿತು.

ಇಂಚು ಸೆಂಟು | ಜುಲೈ 7, ಬೆಳಿಗ್ಗೆ 7:15

ನಾನು ಮೇಷ್ಟ್ರಲ್ಲ, ಸುಂಟಿಕೊಪ್ಪದ ಹತ್ತಿರ ಸ್ವಲ್ಪ ತೋಟ ಇದೆ. ಆದರೂ ಒಂದು ಮಾತು. ಕೊಡಗಿನಲ್ಲಿ "ಮಳೆ ಬಂತಾ" ಅಂತ ಯಾರಾದರೂ ಕೇಳುತ್ತಾರಾ? "ಎಷ್ಟು ಬಂತು" ಅಂತ ಕೇಳುವುದು. ನಮ್ಮಲ್ಲಿ ತಾತನ ಕಾಲದ ಮಳೆ ಪುಸ್ತಕ ಇದೆ, ದಿನಾ ಬೆಳಿಗ್ಗೆ ಮಾಪಕ ನೋಡಿ ಇಂಚು ಸೆಂಟಿನಲ್ಲಿ ಬರೆಯುತ್ತೇವೆ. ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆ ಎಷ್ಟು ಸೆಂಟು ಬಿತ್ತು ಅನ್ನುವುದರ ಮೇಲೆ ಇಡೀ ವರ್ಷದ ಕಾಫಿ ನಿಂತಿದೆ. ನಿಮ್ಮ ಮಕ್ಕಳ ಅಪ್ಪ ಅಮ್ಮ ಬೆಳಿಗ್ಗೆ ಎದ್ದು ಮೊದಲು ಆಡುವ ಮಾತೇ ಇದು. ಆ ಮೋಡದ ಚಿತ್ರ ತೆಗೆದು ಪಕ್ಕಕ್ಕಿಟ್ಟು ಒಂದು ಡಬ್ಬ ಹೊರಗಿಡಿ. ಮಳೆ ದಿನಾ ಒಂದೇ ಅಲ್ಲ ಅಂತ ಹುಡುಗನಿಗೆ ಅದೇ ಹೇಳುತ್ತದೆ.

ಕೊಪ್ಪಳದ ಮೇಷ್ಟ್ರು | ಜುಲೈ 7, ರಾತ್ರಿ 8:20

ಟೀಚರಮ್ಮಾ, ಬೆನ್ನಕ್ಷರ ಇವತ್ತೇ ಮಾಡಿಸಿದೆ. 'ದ' ಬಿಟ್ಟಿದ್ದು 'ಅ' ಆಗಿ ಬಂತು. ನಡುವೆ ಇದ್ದ ಒಬ್ಬಾಕಿ ತಪ್ಪು ತನ್ನದಲ್ಲ ಅಂತ ಅತ್ತಳು. ಉಳಿದಂತೆ ಭಾರಿ ಮಜಾ.

ಇಂಚು ಸೆಂಟು ಅವರಿಗೆ ದೊಡ್ಡ ನಮಸ್ಕಾರ. ಅಡುಗೆಯಕ್ಕ ಹಳೇ ಪೇಂಟಿನ ಬಕೆಟ್ ಕೊಟ್ಟಾರ. ನಾಳೆಯಿಂದ ಅಂಗಳದಾಗ ಇಡ್ತೀವಿ.

ಕುಶಾಲನಗರ ವಿಜ್ಞಾನ | ಜುಲೈ 7, ರಾತ್ರಿ 9:10

ನಿಲ್ಲಿ ನಿಲ್ಲಿ, ಬಕೆಟ್ ಬೇಡ ಸರ್! ಬಕೆಟ್ಟಿನ ಬಾಯಿ ಅಗಲ, ತಳ ಕಿರಿದು. ಅಗಲ ಬಾಯಿಗೆ ಬಿದ್ದ ನೀರು ಕಿರಿದಾದ ತಳದಲ್ಲಿ ಎತ್ತರವಾಗಿ ನಿಲ್ಲುತ್ತದೆ, ಬಂದದ್ದಕ್ಕಿಂತ ಹೆಚ್ಚು ಮಳೆ ತೋರಿಸುತ್ತದೆ. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬ ಬೇಕು. ಮಾಡಿನ ನೀರು ಸಿಡಿಯದ, ಮರದ ಹನಿ ತೊಟ್ಟಿಕ್ಕದ ಬಯಲಿನಲ್ಲಿ ಇಡಿ. ಸುತ್ತ ಮೂರು ಕಲ್ಲು ಒತ್ತಿ, ಇಲ್ಲದಿದ್ದರೆ ನಾಯಿ ಉರುಳಿಸುತ್ತದೆ. ದಿನಾ ಒಂದೇ ಹೊತ್ತಿಗೆ ನೋಡಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8:30ಕ್ಕೆ ನೋಡುತ್ತಾರೆ, ನಿಮಗೆ ಪ್ರಾರ್ಥನೆ ಮುಗಿದ ಹೊತ್ತಾದರೂ ಸಾಕು.

ಇನ್ನೊಂದು ಮಜಾ ಇದೆ. ನಾನು ಪ್ರೌಢಶಾಲೆಯಲ್ಲಿ ಮಾಡಿಸಿದ್ದು, ಸಣ್ಣವರಿಗೂ ಆಗುತ್ತದೆ. ನೇರ ಗೋಡೆಯ ಮೂರು ಪಾತ್ರೆ ತನ್ನಿ: ಒಂದು ಲೋಟದಷ್ಟು ಕಿರಿದು, ಒಂದು ಮಧ್ಯಮ, ಒಂದು ಬಿಸಿಯೂಟದ ದೊಡ್ಡ ಪಾತ್ರೆ. ರಾತ್ರಿಯಿಡೀ ಪಕ್ಕಪಕ್ಕ ಇಡಿ. ಯಾವುದರಲ್ಲಿ ನೀರು ಎತ್ತರ ಇರುತ್ತದೆ ಅಂತ ಮೊದಲೇ ಕೇಳಿ, ಕೈ ಎತ್ತಿಸಿ, ಎಣಿಸಿ ಬರೆದಿಡಿ. ದೊಡ್ಡದರಲ್ಲಿ ಜಾಸ್ತಿ ಅನ್ನುವವರೇ ಹೆಚ್ಚು. ನನ್ನ ಒಂಬತ್ತನೇ ತರಗತಿಯಲ್ಲೂ ಹಾಗೇ ಆಯಿತು, ಹೆಸರು ಬೇಡ ಬಿಡಿ, ಒಬ್ಬ ಸಹೋದ್ಯೋಗಿಯೂ ಕೈ ಎತ್ತಿದ್ದರು. ಬೆಳಿಗ್ಗೆ ನೋಡಿದರೆ ಮೂರರಲ್ಲೂ ಒಂದೇ ಎತ್ತರ. ದೊಡ್ಡ ಬಾಯಿಗೆ ಹೆಚ್ಚು ನೀರು ಬೀಳುತ್ತದೆ, ಆದರೆ ಅದು ಹರಡಿಕೊಳ್ಳಲು ಜಾಗವೂ ಅಷ್ಟೇ ಹೆಚ್ಚು. ಇದನ್ನು ವಿವರಿಸಬೇಡಿ. ಎರಡು ದಿನ ಮಕ್ಕಳು ಜಗಳ ಆಡಲಿ.

ಕೊಪ್ಪಳದ ಮೇಷ್ಟ್ರು | ಜುಲೈ 7, ರಾತ್ರಿ 9:30

ಖರೇ ಹೇಳ್ತೀನಿ, ನಾನೂ ದೊಡ್ಡ ಪಾತ್ರೆಗೇ ಕೈ ಎತ್ತುತ್ತಿದ್ದೆ.

ಒಂದನೇ ತರಗತಿಯವರಿಗೆ ಅಳತೆಪಟ್ಟಿ ಬರಂಗಿಲ್ಲ. ಪೇಪರಿನ ಪಟ್ಟಿ ನೀರಲ್ಲಿ ಇಳಿಬಿಟ್ಟು, ಒದ್ದೆಯಾದಷ್ಟು ಕತ್ತರಿಸಿ ನಕ್ಷೆಯ ಆ ದಿನದ ಮನೆ ಮೇಲೆ ಅಂಟಿಸಿದ್ರೆ ಹೆಂಗ? ಎತ್ತರ ನೋಡಿದ್ರೇ ಯಾವತ್ತು ಜಾಸ್ತಿ ಅಂತ ತಿಳಿತೈತಿ.

ಕುಶಾಲನಗರ ವಿಜ್ಞಾನ | ಜುಲೈ 7, ರಾತ್ರಿ 9:36

ಅಂಟಿಸುವುದು ಬಹಳ ಒಳ್ಳೆಯದು, ಅದ್ದುವುದು ಬೇಡ. ಕಾಗದ ನೀರು ಹೀರಿ ಮೇಲಕ್ಕೆ ಎಳೆದುಕೊಳ್ಳುತ್ತದೆ, ಒದ್ದೆ ಗೆರೆ ನಿಜವಾದ ಮಟ್ಟಕ್ಕಿಂತ ಮೇಲೆ ಹೋಗಿ ನಿಲ್ಲುತ್ತದೆ. ತೆಳುವಾದ ಬಿದಿರು ಕಡ್ಡಿಗೆ ಸೀಮೆಸುಣ್ಣ ಉಜ್ಜಿ ಅದನ್ನು ನೇರವಾಗಿ ಅದ್ದಿ. ಒದ್ದೆಯಾದ ಭಾಗ ಬಣ್ಣ ಬದಲಾಗಿ ಕಾಣುತ್ತದೆ. ಆಮೇಲೆ ಒಣ ಬಣ್ಣದ ಕಾಗದವನ್ನು ಕಡ್ಡಿಯ ಪಕ್ಕ ಇಟ್ಟು ಅಷ್ಟೇ ಉದ್ದಕ್ಕೆ ಕತ್ತರಿಸಲಿ. ಒಂದನೆಯವರು ಅಂಟಿಸಲಿ, ಎರಡನೆಯವರು ನಿನ್ನೆಯದಕ್ಕೆ ಹೋಲಿಸಲಿ, ಮೂರನೆಯವರು ಪಟ್ಟಿಯನ್ನು ಸೆಂಟಿಮೀಟರಿನಲ್ಲಿ ಅಳೆದು ಬರೆಯಲಿ. ಮೂರು ತರಗತಿಗೂ ಒಂದೇ ಡಬ್ಬದಲ್ಲಿ ಕೆಲಸ ಸಿಕ್ಕಿತು.

ಇಂಚು ಸೆಂಟು | ಜುಲೈ 7, ರಾತ್ರಿ 9:50

ಸೆಂಟಿಮೀಟರ್ ಯಾಕೆ? ಮನೆಗೆ ಹೋಗಿ "ಇವತ್ತು ಎಂಟೂವರೆ ಸೆಂಟಿಮೀಟರ್" ಅಂದರೆ ಅಪ್ಪ ಕಣ್ಣು ಕಣ್ಣು ಬಿಡುತ್ತಾನೆ. ಇಂಚು ಹೇಳಿಕೊಡಿ.

ಕುಶಾಲನಗರ ವಿಜ್ಞಾನ | ಜುಲೈ 7, ರಾತ್ರಿ 9:58

ಅಂಕಲ್, ಪುಸ್ತಕದಲ್ಲಿ ಇರುವುದು ಸೆಂಟಿಮೀಟರ್. ಒಂದು ಇಂಚಿಗೆ 2.54. ಮನೆಗೆ ಹೋಗಿ ಅಪ್ಪನ ಲೆಕ್ಕಕ್ಕೆ ತಿರುಗಿಸಲಿ ಬಿಡಿ, ಐದನೇ ತರಗತಿಯವರಿಗೆ ಅದೇ ಹೋಂವರ್ಕ್.

ಎರಡು ಮಕ್ಕಳ ಅಮ್ಮ | ಜುಲೈ 8, ಮಧ್ಯಾಹ್ನ 2:10

ಎಲ್ಲ ಓದಿದೆ. ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ತೀನಿ. ಡಬ್ಬ, ಕಡ್ಡಿ, ಬೆನ್ನು ಎಲ್ಲ ಚೆನ್ನಾಗಿದೆ, ಓದು ಬರಹ ಯಾವಾಗ? ನಾವು ಶನಿವಾರಸಂತೆ ಕಡೆಯವರು. ದೊಡ್ಡವನು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಲ್ಲಿ ಹೋಗ್ತಾನೆ, ದಿನಾ ನಾಲ್ಕು ಪುಟ ಬರೆದುಕೊಂಡು ಬರ್ತಾನೆ. ಚಿಕ್ಕವಳು ಊರ ಸರ್ಕಾರಿ ಶಾಲೆ. ಎರಡನೇ ಕ್ಲಾಸಿಗೆ ಬಂದ್ರೂ ಅ ಆ ಇ ಈ ಸಾಲಾಗಿ ಹೇಳಲ್ಲ. ಕೇಳಿದ್ರೆ ರ ಗ ಸ ದ ಅ ಅಂತಾಳೆ. ಇದ್ಯಾವ ವರ್ಣಮಾಲೆ ಅಂತ ಅವಳ ಅಜ್ಜ ನಗ್ತಾರೆ. ನಮಗೆ ಹೊಟ್ಟೆ ಉರಿಯುತ್ತೆ.

ಪೊನ್ನಂಪೇಟೆ ಟೀಚರಮ್ಮ | ಜುಲೈ 8, ಸಂಜೆ 6:30

ತಾಯಿ, ನಿಮ್ಮ ಸಿಟ್ಟು ನನಗೆ ಹೊಸದಲ್ಲ. 2009ರಲ್ಲಿ ಈ ನಲಿ-ಕಲಿ ರಾಜ್ಯಕ್ಕೆಲ್ಲ ಬಂದಾಗ ತರಬೇತಿಯಲ್ಲಿ ಎದ್ದು ನಿಂತು ಜಗಳವಾಡಿದವಳು ನಾನೇ. ಅ ಬಿಟ್ಟು ರ ಇಂದ ಶುರು ಮಾಡಿದರೆ ಸರಸ್ವತಿ ಮುನಿಯುತ್ತಾಳೆ ಅಂದಿದ್ದೆ. ಈಗ ನೆನೆಸಿದರೆ ನಗು ಬರುತ್ತದೆ.

ನಿಮ್ಮ ಮಗಳಿಗೆ ಆ ಐದು ಅಕ್ಷರ ಕೊಟ್ಟು ಪದ ಕಟ್ಟು ಅನ್ನಿ. ಸರ, ದರ, ಅರಸ, ಅಗಸ, ಗರಗಸ. ಮೊದಲ ಐದೇ ಅಕ್ಷರಕ್ಕೆ ಇಷ್ಟು ಪದ ಓದಿದಳಲ್ಲ. ಅ ಆ ಇ ಈ ಉ ಐದನ್ನೂ ಕಲಿತ ಮಗು ಏನು ಓದುತ್ತದೆ? ಜೊತೆಗೆ ರ, ಗ, ಸ, ದ, ಅ ಬರೆಯುವಾಗ ಕೈ ತಿರುಗುವ ಬಗೆಯೂ ಒಂದಕ್ಕೊಂದು ಹತ್ತಿರ. ಇದನ್ನು ಬೆಂಗಳೂರಿನಲ್ಲಿ ಕೂತು ಯಾರೋ ಹುಟ್ಟಿಸಿದ್ದೂ ಅಲ್ಲ. ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು 1995ರಲ್ಲಿ ಎಚ್.ಡಿ.ಕೋಟೆ ತಾಲೂಕಿನಲ್ಲಿ ಶುರು ಮಾಡಿದ್ದು. ನಾಗರಹೊಳೆ ಕಾಡು ದಾಟಿದರೆ ಅದೇ ಊರು. ಅಲ್ಲಿ ಮಳೆಗಾಲದಲ್ಲೂ ಬಿಸಿಲು ಇಣುಕುತ್ತದೆ, ಅದಕ್ಕೇ ನಕ್ಷೆಯಲ್ಲಿ ಸೂರ್ಯ ಇದ್ದಾನೆ!

ಹಾಗಂತ ಎಲ್ಲ ಸರಿ ಅನ್ನುವುದಿಲ್ಲ. ಎರಡನೇ ತರಗತಿ ಮುಗಿಯುವುದರೊಳಗೆ ವರ್ಣಮಾಲೆ ಸಾಲಾಗಿ ಬರಲೇಬೇಕು, ನಾನು ಹಾಡಿನ ಹಾಗೆ ಹೇಳಿಸುತ್ತಿದ್ದೆ. ಪ್ರಗತಿ ನೋಟ, ಆ ದಾಖಲೆ, ಈ ದಾಖಲೆ ಅಂತ ತುಂಬಿಸುವುದರಲ್ಲಿ ಮೇಷ್ಟ್ರ ಅರ್ಧ ಹೊತ್ತು ಹೋಗುತ್ತದೆ, ಅದು ಮಗುವಿಗೆ ಸಿಗಬೇಕಾದ ಹೊತ್ತು. ಮೂರು ತರಗತಿ ಒಂದೇ ಕೋಣೆಯಲ್ಲಿ, ಮೇಷ್ಟ್ರು ಒಬ್ಬರೇ. ಒಂದು ತಟ್ಟೆಯ, ಅಂದರೆ ಒಂದು ಗುಂಪಿನ, ಮಕ್ಕಳ ಜೊತೆ ಅವರು ಕೂತಾಗ ಉಳಿದ ತಟ್ಟೆಯವರು ತಾವೇ ಕಲಿಯುತ್ತಾರೆ ಅಂತ ಕಾಗದದಲ್ಲಿದೆ. ಕೆಲವು ದಿನ ಕಲಿಯುತ್ತಾರೆ. ಕೆಲವು ದಿನ ಒಬ್ಬರ ಪೆನ್ಸಿಲ್ ಇನ್ನೊಬ್ಬರ ಮೂಗಿನಲ್ಲಿ ಇರುತ್ತದೆ.

ದೊಡ್ಡವನು ಬರೆದ ನಾಲ್ಕು ಪುಟದಲ್ಲಿ ಒಂದು ಸಾಲು ತೋರಿಸಿ, ಏನು ಅರ್ಥ ಅಂತ ಒಮ್ಮೆ ಕೇಳಿ ನೋಡಿ. ಕುಹಕ ಅಲ್ಲ, ನಿಜವಾಗಿ ಕೇಳಿ.

ಎರಡು ಮಕ್ಕಳ ಅಮ್ಮ | ಜುಲೈ 8, ರಾತ್ರಿ 9:15

ಕೇಳಿದೆ. ಚೆನ್ನಾಗಿ ಓದಿದ, ಅರ್ಥ ಹೇಳಲಿಲ್ಲ. ಚಿಕ್ಕವಳು ಗರಗಸ ಬರೆದು ಅಜ್ಜನಿಗೆ ತೋರಿಸಿದಳು, "ಸಗರಗ" ಅಂತ ತಿರುಗಿಸಿಯೂ ಬರೆದು ನಕ್ಕಳು. ಅಜ್ಜ ಸುಮ್ಮನಾದ್ರು. ನಾನಿನ್ನೂ ಪೂರ್ತಿ ಒಪ್ಪಿಲ್ಲ ಮೇಡಂ. ಇಂಗ್ಲಿಷ್ ವಿಷಯ ಬೇರೆ ಇದೆ, ಇನ್ನೊಂದು ದಿನ.

ಸಿದ್ದಾಪುರ ಅತಿಥಿ ಶಿಕ್ಷಕಿ | ಜುಲೈ 9, ರಾತ್ರಿ 10:00

ನಾನು ಕಾಫಿ ತೋಟದ ಕೆಲಸದವರ ಲೈನ್‌ಮನೆಯಲ್ಲೇ ಹುಟ್ಟಿ ಬೆಳೆದವಳು, ಈಗ ಲೈನ್‌ಮನೆ ಮಕ್ಕಳಿಗೇ ಪಾಠ ಹೇಳ್ತೀನಿ. ನನ್ನ ತರಗತಿಯಲ್ಲಿ ಯರವ ಬುಡಕಟ್ಟಿನ ಮಕ್ಕಳಿದ್ದಾರೆ, ಮಲಯಾಳಂ, ತಮಿಳು, ತುಳು ಮನೆಯವರಿದ್ದಾರೆ, ಈಗ ಎರಡು ವರ್ಷದಿಂದ ಬಂಗಾಳಿ ಮಾತಾಡುವ ಇಬ್ಬರು. ಜೂನ್ ತಿಂಗಳಿಡೀ ಕೆಲವರು ಬಾಯಿ ಬಿಡಲ್ಲ. ಬಾಯಿ ಬಿಡದವರನ್ನು ದಡ್ಡರು ಅಂತ ಪ್ರಗತಿ ನೋಟದಲ್ಲಿ ಹಿಂದೆ ಇಡ್ತಾರೆ. ನನ್ನನ್ನೂ ಹಾಗೆ ಇಟ್ಟಿದ್ರು.

ಹವಾಮಾನ ನಕ್ಷೆ ನನಗೆ ಇಲ್ಲಿ ಉಪಯೋಗಕ್ಕೆ ಬಂತು. ಮಳೆ ಚಿತ್ರದ ಕೆಳಗೆ ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ ಅಂತ ಕೇಳಿದೆ. ಮಳೆ ಅಂದ್ರು, ಮಳ ಅಂದ್ರು, ತುಳುವಿನವನು ಬರ್ಸ ಅಂದ, ಬಂಗಾಳಿ ಹುಡುಗಿ ಬೃಷ್ಟಿ ಅಂದಳು. ಆ ವರ್ಷ ಅವಳು ಶಾಲೆಯಲ್ಲಿ ಜೋರಾಗಿ ಆಡಿದ ಮೊದಲ ಮಾತು ಅದು. ಈಗ ದಿನಕ್ಕೊಬ್ಬರು ತಮ್ಮ ಮನೆ ಮಾತಲ್ಲಿ ಹವಾಮಾನ ಹೇಳ್ತಾರೆ, ಉಳಿದವರು ಕನ್ನಡದಲ್ಲಿ ಹೇಳ್ತಾರೆ, ನಾನು ಬರೀತೀನಿ. ಹತ್ತು ನಿಮಿಷ, ಜಾಸ್ತಿ ಇಲ್ಲ.

ಗಣಿತಕ್ಕೆ ನಮ್ಮಲ್ಲಿ ಕಾಫಿ ಹಣ್ಣೇ ಸಾಕು. ಕೊಯ್ಲಿನ ಸಮಯದಲ್ಲಿ ಮಕ್ಕಳು ಜೇಬಲ್ಲೇ ತರ್ತಾರೆ. ಒಂದು ಹಣ್ಣು ಹಿಚುಕಿದ್ರೆ ಎರಡು ಬೀಜ, ಎರಡಕ್ಕೆ ನಾಲ್ಕು, ಎರಡರ ಮಗ್ಗಿ ಬಾಯಿಪಾಠ ಮಾಡಿಸೋದೇ ಬೇಡ. ಹೋದ ಜನವರಿಯಲ್ಲಿ ಹತ್ತು ಹಣ್ಣಿಗೆ ಒಬ್ಬನ ಹತ್ರ ಹತ್ತೊಂಬತ್ತೇ ಬೀಜ ಆಯ್ತು. ಎಲ್ಲರೂ ಅವನು ಒಂದು ನುಂಗಿದ ಅಂದ್ರು. ಅವನು ಅಳುತ್ತಾ ಉಂಡೆ ಬೀಜ ತೋರಿಸಿದ, ಒಂದು ಹಣ್ಣಲ್ಲಿ ಪೀಬೆರಿ ಇತ್ತು, ಅಂದ್ರೆ ಎರಡರ ಬದಲು ಒಂದೇ ಬೀಜ. ಇಪ್ಪತ್ತಕ್ಕೆ ಒಂದು ಕಮ್ಮಿ ಅಂತ ಯಾರೂ ಹೇಳಿಕೊಡದೇ ಕಲಿತ್ರು. ಆದ್ರೆ ಅದೇ ಕೊಯ್ಲಿನ ಸಮಯದಲ್ಲಿ ದೊಡ್ಡ ಮಕ್ಕಳು ತಮ್ಮ ತಂಗಿ ನೋಡ್ಕೊಳ್ಳೋಕೆ ಮನೆಯಲ್ಲೇ ಉಳೀತಾರೆ. ಅದಕ್ಕೆ ಯಾವ ಚಟುವಟಿಕೆಯೂ ನನ್ನ ಹತ್ರ ಇಲ್ಲ.

ಪೊನ್ನಂಪೇಟೆ ಟೀಚರಮ್ಮ | ಜುಲೈ 10, ಬೆಳಿಗ್ಗೆ 6:50

ಮಗಳೇ, ಚೆನ್ನಾಗಿ ಬರೆದೆ. ನಿನ್ನದು ಓದಿ ನನ್ನದೊಂದು ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನರಿ ಮತ್ತು ದ್ರಾಕ್ಷಿಯ ಕಥೆ ಹೇಳುತ್ತಿದ್ದೆ. ನರಿ ಎಗರಿತು, ದ್ರಾಕ್ಷಿ ಸಿಗಲಿಲ್ಲ, ಹುಳಿ ಅಂದಿತು. ಮುಂದೆ ಕೂತ ಕೊಡವ ಹುಡುಗನ ಮುಖ ನೋಡಬೇಕಿತ್ತು. ನಮ್ಮ ಕೊಡವ ಭಾಷೆ ತಕ್ಕ್‌ನಲ್ಲಿ ನರಿ ಅಂದರೆ ಹುಲಿ ಅಲ್ಲವಾ! ಹುಲಿ ಹೊಡೆದವನಿಗೆ ಹಿಂದೆ ಮಾಡುತ್ತಿದ್ದದ್ದು ನರಿ ಮಂಗಲ. ಪಾಪ, ಹುಲಿ ಯಾಕೆ ದ್ರಾಕ್ಷಿಗೆ ಎಗರುತ್ತಿದೆ ಅಂತ ಅವನು ಯೋಚಿಸುತ್ತಿದ್ದ. ಮನೆಯಲ್ಲಿ ಅದೇ ಮಾತಾಡುವ ನನಗೂ ಹೊಳೆದಿರಲಿಲ್ಲ, ಶಾಲೆಯ ಹೊಸ್ತಿಲು ದಾಟಿದ ಕೂಡಲೇ ತಲೆ ಕನ್ನಡಕ್ಕೆ ತಿರುಗಿರುತ್ತದೆ. ಆಮೇಲೆ ಪಾಲ್-ಹಾಲು, ಪುತ್ತರಿ-ಹುತ್ತರಿ ಅಂತ ಜೋಡಿ ಪದದ ಆಟವನ್ನೇ ಮಾಡಿಕೊಂಡೆ. ಹಳಗನ್ನಡದಲ್ಲೂ ಪಾಲ್ ಅಂತಲೇ ಇತ್ತು ಅಂದರೆ ಮಕ್ಕಳಿಗೆ ಏನೋ ಗೆದ್ದ ಖುಷಿ.

ಕೊಪ್ಪಳದ ಮೇಷ್ಟ್ರು | ಜುಲೈ 19, ರಾತ್ರಿ 8:40

ಹತ್ತು ದಿನದ ವರದಿ ಕೊಡ್ತೀನಿ. ಬಿಸ್ಕತ್ತಿನ ದುಂಡು ಡಬ್ಬ ಸಿಕ್ತು. ಮೂರು ಪಾತ್ರೆಯ ಪ್ರಯೋಗದಲ್ಲಿ 17ರಲ್ಲಿ 14 ಮಂದಿ ದೊಡ್ಡ ಪಾತ್ರೆ ಅಂದ್ರು. ಬೆಳಿಗ್ಗೆ ಮೂರೂ ಒಂದೇ ಕಂಡಾಗ ಅಡುಗೆಯಕ್ಕ ರಾತ್ರಿ ನೀರು ಸುರಿದಾಳ ಅಂತ ಅವಳ ಮೇಲೆ ಆರೋಪ ಬಂತು. ಎರಡನೇ ರಾತ್ರಿಯೂ ಹಾಗೇ ಆದ ಮೇಲೆ ಸುಮ್ಮನಾದ್ರು, ಒಪ್ಪಿದ್ರು ಅಂತ ಹೇಳಂಗಿಲ್ಲ.

ಬಣ್ಣದ ಪಟ್ಟಿಗಳು ಗೋಡೆ ಮ್ಯಾಲೆ ನಿಂತಾವ. ಒಂದಿನ ಗಿಡ್ಡ, ಒಂದಿನ ಉದ್ದ. ಆರು ದಿನದ ಮಳೆ ಮುಂಚೇನ ಬರೆದಿದ್ದ ಆ ಹುಡುಗ ಈಗ ಬಂದ ಕೂಡಲೇ ಚೀಲ ಇಡದೇ ಡಬ್ಬದ ಹತ್ರ ಓಡ್ತಾನ. ಕಾಲಿಗೆ ಹತ್ತಿದ ಜಿಗಣೆ ಸಹ ಕೀಳಂಗಿಲ್ಲ. (ಜಿಗಣೆಯದೂ ಲೆಕ್ಕ ಇಡ್ತಾರ, ಯಾರ ಕಾಲಾಗ ಎಷ್ಟು ಅಂತ. ನಾನು ಹೇಳಿಕೊಟ್ಟಿದ್ದಲ್ಲ.) ತೇವಕ್ಕೆ ಗೋಂದು ಹಿಡಿಯಂಗಿಲ್ಲ, ತರಗತಿಯೊಳಗೆ ತಲೆ ಮ್ಯಾಲಿನ ದಾರದ ಚಪ್ಪರಕ್ಕೆ ಕಟ್ಟಿದ ಚಿತ್ರಗಳೂ ಮುದುಡಿಕೊಂಡಾವ. ಪಟ್ಟಿಗೆ ಈಗ ದಾರ ಹೊಲೀತೀವಿ. ಕಾರ್ಡುಗಳನ್ನು ಅಡುಗೆಮನೆಯ ಬೆಚ್ಚನೆ ಗೋಡೆಯ ಆಚೆ ಕಪಾಟಿಗೆ ಸಾಗಿಸಿದೆ.

ಹೊಸ ತೊಂದರೆ ಒಂದೈತಿ. ಮೂರು ದಿನ ಜಿಲ್ಲಾಧಿಕಾರಿಗಳು ರಜೆ ಕೊಟ್ರು. ನಕ್ಷೆಯಲ್ಲಿ ಆ ಮೂರು ಮನೆ ಖಾಲಿ. ಮೂರನೇ ತರಗತಿಯ ಹುಡುಗಿ ಕೇಳಿದಳು: "ಸರ್, ಜಾಸ್ತಿ ಮಳೆ ಬಂದ ದಿನಾನೇ ರಜೆ ಅಲ್ವಾ? ಹಾಗಾದ್ರೆ ನಮ್ಮ ನಕ್ಷೆಯಲ್ಲಿ ಜಾಸ್ತಿ ಮಳೆ ಬರೋದೇ ಇಲ್ಲ." ನಾನು ಸುಮ್ಮನೆ ನಿಂತೆ.

ಕುಶಾಲನಗರ ವಿಜ್ಞಾನ | ಜುಲೈ 19, ರಾತ್ರಿ 8:55

ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಚಾಕೊಲೇಟ್ ಕೊಡಿ. ಎಷ್ಟೋ ದೊಡ್ಡವರು ತುಂಬಿದ ಮನೆಗಳನ್ನು ಮಾತ್ರ ನೋಡಿ ಲೆಕ್ಕ ಮುಗಿಸುತ್ತಾರೆ.

ಡಬ್ಬ ತುಂಬಿ ಹರಿಯದಿದ್ದರೆ ರಜೆ ಮುಗಿದು ಬಂದ ದಿನ ಅಳೆದು, ಆ ಮನೆಗಳನ್ನೆಲ್ಲ ಸೇರಿಸಿ ಒಂದೇ ಉದ್ದ ಪಟ್ಟಿ ಹಾಕಿ. ದಿನಕ್ಕಿಷ್ಟು ಅಂತ ಸಮ ಹಂಚಬೇಡಿ, ಹಾಗೆ ಬಂದಿರುವುದಿಲ್ಲ. ಇಲ್ಲವೇ ಶಾಲೆ ಪಕ್ಕದ ಮನೆಯವರು ಯಾರಾದರೂ ಕಡ್ಡಿ ಅದ್ದಿ ಗುರುತು ಹಾಕಲಿ. ನಮ್ಮಲ್ಲಿಯೂ ಡಬ್ಬ ಇಟ್ಟಿದ್ದೇವೆ. ದಿನಾ ಅಳತೆ ಕಳಿಸುತ್ತೇನೆ. ನಿಮ್ಮ ಉದ್ದ ಪಟ್ಟಿಯ ಪಕ್ಕ ಕುಶಾಲನಗರದ ಬೆರಳುದ್ದದ ಪಟ್ಟಿ ಅಂಟಿಸಿ, ಒಂದೇ ಜಿಲ್ಲೆ ಅಂದರೆ ಮಕ್ಕಳು ನಂಬುತ್ತಾರಾ ನೋಡೋಣ.

ಕೊಪ್ಪಳದ ಮೇಷ್ಟ್ರು | ಜುಲೈ 25, ರಾತ್ರಿ 9:20

ಅಡುಗೆಯಕ್ಕ ಒಪ್ಪಿದಾಳ, ಅವಳ ಮನೆ ಶಾಲೆ ಹಿಂದೇನ. ನೀರು ಸುರಿದವಳೇ ಈಗ ಅಳಿತಾಳ ಅಂತ ಹುಡುಗರು ಒಮ್ಮೆ ನಕ್ರು. ನಾಳೆ ರಜೆ ಅಂತ ಈಗಷ್ಟೇ ಮೆಸೇಜ್ ಬಂತು. ಡಬ್ಬ ಹೊರಗೇ ಐತಿ.

ಇಂಚು ಸೆಂಟು | ಜುಲೈ 25, ರಾತ್ರಿ 9:31

ನಮ್ಮಲ್ಲಿ ಬೆಳಿಗ್ಗೆಯಿಂದ ಇಲ್ಲಿಯವರೆಗೆ 2 ಇಂಚು 60 ಸೆಂಟು. ಗಾಳಿಯೂ ಉಂಟು. ಕಲ್ಲು ಇನ್ನೆರಡು ಒತ್ತಲು ಹೇಳಿ.